ಹನೋಯ್ ಓಲ್ಡ್ ಕ್ವಾರ್ಟರ್‌ನಲ್ಲಿ ನಾಲ್ಕು ದಿನ, ಅಮ್ಮ ಪ್ಯೂರ್ ವೆಜ್, ಎಲ್ಲಿ ತಿನ್ನೋದು ಎಲ್ಲಿ ಕಾಫಿ ಕುಡಿಯೋದು?

ಜಯನಗರ_4ನೇ_ಬ್ಲಾಕ್

ಎಲ್ಲರಿಗೂ ನಮಸ್ಕಾರ. ನವೆಂಬರ್ ಮೊದಲನೇ ವಾರ ನಾನು, ನನ್ ಹೆಂಡ್ತಿ, ಅಮ್ಮ ಮೂರು ಜನ ವಿಯೆಟ್ನಾಂನ ಹನೋಯ್‌ಗೆ ಹೋಗ್ತಿದೀವಿ, ಓಲ್ಡ್ ಕ್ವಾರ್ಟರ್ ಅಂದ್ರೆ ಅಲ್ಲಿನ ಹಳೇ ಪೇಟೆ ಒಳಗೇ ರೂಮ್ ಮಾಡಿದೀವಿ, ಒಟ್ಟು ನಾಲ್ಕು ದಿನ. ಟ್ರಾವೆಲ್ಸ್‌ನವರು ಕೊಟ್ಟ ಪ್ಲಾನ್‌ನಲ್ಲಿ ಒಂದಿನ ಹಾ ಲಾಂಗ್ ಬೇ, ಒಂದಿನ ನಿನ್ ಬಿನ್, ಬೆಳಗ್ಗೆ ಆರಕ್ಕೆ ಬಸ್ ಹತ್ತಿದ್ರೆ ರಾತ್ರಿ ಒಂಬತ್ತಕ್ಕೆ ವಾಪಸ್ ಅಂತ ಇತ್ತು, ಅಮ್ಮಂಗೆ 66 ವಯಸ್ಸು, ಮಂಡಿ ನೋವು ಬೇರೆ, ಅದೆಲ್ಲ ಬೇಡ ಅಂತ ತೆಗೆಸಿಬಿಟ್ಟೆ. ಒಂದೇ ಏರಿಯಾದಲ್ಲಿ ನಿಧಾನಕ್ಕೆ ಓಡಾಡ್ಕೊಂಡು ತಿನ್ಕೊಂಡು ಕಾಫಿ ಕುಡ್ಕೊಂಡು ಇರೋಣ ಅಂತ ಆಸೆ.

ತೊಂದ್ರೆ ಏನಂದ್ರೆ ನಾವಿಬ್ರು ಎಲ್ಲಾ ತಿಂತೀವಿ, ಅಮ್ಮ ಮೊಟ್ಟೆನೂ ಮುಟ್ಟಲ್ಲ. ಆದ್ರೆ ಕಾಫಿ ಅಂದ್ರೆ ಪ್ರಾಣ, ದಿನಕ್ಕೆ ಮೂರು ಲೋಟ, ಹನೋಯ್‌ನಲ್ಲಿ ಮನೆಮನೆ ಬಾಗಿಲಲ್ಲೂ ಕಾಫಿ ಅಂಗಡಿ ಇರತ್ತಂತೆ ಅಂತ ಯಾರೋ ಹೇಳಿದ್ದಕ್ಕೇ ಈ ಟ್ರಿಪ್‌ಗೆ ಒಪ್ಕೊಂಡಿದ್ದು. ಅಪ್ಪ ಹೋದ್ಮೇಲೆ ಅಮ್ಮ ಮನೆ ಬಿಟ್ಟು ಹೊರಡ್ತಿರೋದು ಇದೇ ಮೊದಲು, ಹಂಗಾಗಿ ಅಲ್ಲಿ ಹೋಗಿ ಬರೀ ಬ್ರೆಡ್ಡು ಬಾಳೆಹಣ್ಣು ತಿನ್ನಿಸಿ ವಾಪಸ್ ಕರ್ಕೊಂಡ್ ಬರೋದು ನಂಗೆ ಇಷ್ಟ ಇಲ್ಲ. ಇಂಡಿಯನ್ ರೆಸ್ಟೋರೆಂಟ್ ಇದಾವೆ ಅಂತ ಗೊತ್ತು, ಅಷ್ಟ್ ದೂರ ಹೋಗಿ ಅದನ್ನೇ ತಿನ್ನೋದಾದ್ರೆ ಯಾಕೆ. ಹೋಗ್ ಬಂದವರು, ಅಲ್ಲೇ ಇರೋರು ಯಾರಾದ್ರೂ ಇದ್ರೆ ದಯವಿಟ್ಟು ಹೇಳಿ.

ಹುಬ್ಬಳ್ಳಿ_ಟು_ಹನೋಯ್

ನಮಸ್ಕಾರ ಸರ್. ನಾ ಇಲ್ಲಿ ಕೆಲಸಕ್ಕ ಬಂದು ಎರಡೂವರಿ ವರ್ಷ ಆತು, ಆಫೀಸು ಓಲ್ಡ್ ಕ್ವಾರ್ಟರ್‌ನಿಂದ ನಡ್ಕೊಂಡ ಹೋಗೂವಷ್ಟು ಹತ್ರ, ಹಂಗಾಗಿ ದಿನಾ ಈ ಓಣಿಗಳೊಳಗ ತಿರಗತೀನಿ.

ಮೊದಲ ಒಂದು ಮಾತು. ಇಲ್ಲಿ ಯಾವ ಅಂಗಡಿ ಅನ್ನೂದಕ್ಕಿಂತ ಎಷ್ಟೊತ್ತಿಗೆ ಅನ್ನೂದು ಭಾಳ ಮುಖ್ಯ. ಒಂದ ಫುಟ್‌ಪಾತ್ ಮ್ಯಾಲೆ ಮುಂಜಾನೆ ಆರಕ್ಕ ಒಬ್ಬಾಕಿ ಬುಟ್ಟಿ ಇಟ್ಕೊಂಡು ಸೋಯ್ ಅಂದ್ರ ಅಂಟಕ್ಕಿ ಅನ್ನ ಮಾರತಾಳ, ಒಂಬತ್ತಕ್ಕ ಖಾಲಿ ಮಾಡ್ಕೊಂಡು ಎದ್ದು ಹೋಗ್ತಾಳ, ಮಧ್ಯಾಹ್ನ ಅದ ಜಾಗಾದಾಗ ಬ್ಯಾರೆದವರು ಇದ್ಲಿ ಒಲಿ ಹಚ್ಚಿ ಹಂದಿ ಮಾಂಸ ಸುಟ್ಟು ಬುನ್ ಚಾ ಮಾಡತಾರ, ಸಂಜಿಗೆ ಅಲ್ಲೇ ಇನ್ನೊಬ್ಬರು ಸಣ್ಣ ಪ್ಲಾಸ್ಟಿಕ್ ಸ್ಟೂಲ್ ಹಾಕಿ ಐಸ್ ಚಹಾ ಕೊಡತಾರ. ಯೂಟ್ಯೂಬ್ ನೋಡ್ಕೊಂಡು ಬಂದವರು ಸಂಜಿ ಆರಕ್ಕ ಹೋಗಿ ಬುನ್ ಚಾ ಎಲ್ಲಿ ಅಂತ ಹುಡುಕತಾರ, ಒಲಿ ಆರಿ ಎಷ್ಟೋ ತಾಸ ಆಗಿರತೈತಿ. ಅದಕ್ಕ ದಿನಕ್ಕ ಹತ್ತು ಜಾಗಾ ಲಿಸ್ಟ್ ಮಾಡ್ಕೋಬ್ಯಾಡ್ರಿ, ಎರಡು ಮೂರು ಓಣಿ ಆರಿಸ್ಕೊಂಡು ಅವನ್ನ ಮುಂಜಾನೆ ಒಮ್ಮೆ, ಮಧ್ಯಾಹ್ನ ಒಮ್ಮೆ, ರಾತ್ರಿ ಒಮ್ಮೆ ತಿರುಗ್ರಿ, ಮೂರು ಸಲಾನೂ ಬ್ಯಾರೆ ಊರಿಗೆ ಬಂದಂಗ ಅನಸತೈತಿ.

ಓಣಿ ಹೆಸರು ಹೆಂಗ ಅಂದ್ರ, ಹಾಂಗ್ ಅಂದ್ರ ಸರಕು. ಹಾಂಗ್ ಬಾಕ್ ಬೆಳ್ಳಿ ಓಣಿ, ಹಾಂಗ್ ಥಿಯೆಕ್ ತಗಡಿನ ಕೆಲಸದವರ ಓಣಿ, ಹಾಂಗ್ ಮಾ ಪೂಜೆಗೆ ಸುಡೂ ಕಾಗದದ ಸಾಮಾನಿನ ಓಣಿ, ಹಾಂಗ್ ದುವೊಂಗ್ ಸಕ್ಕರಿ ಓಣಿ. ನಿಮ್ಮ ಬೆಂಗಳೂರಾಗ ಅಕ್ಕಿಪೇಟೆ, ಬಳೆಪೇಟೆ, ಅರಳೆಪೇಟೆ, ಕುಂಬಾರಪೇಟೆ ಇಲ್ಲೇನ್ರಿ, ಹಂಗ. 36 ಓಣಿ ಅಂತ ಹೇಳೂ ರೂಢಿ, ಎಣಿಸಿದ್ರ ಅದಕ್ಕಿಂತ ಭಾಳ ಅದಾವ. ಕೆಲವೊಂದು ಓಣಿಯೊಳಗ ಹಳೇ ಸರಕು ಹೋಗಿ ಬ್ಯಾರೆ ಬಂದೈತಿ, ಥಿಯೆಕ್‌ದಾಗ ಮಾತ್ರ ಇವತ್ತೂ ತಗಡು ಬಡಿಯೂ ಸಪ್ಪಳ ಕೇಳತೈತಿ. ಲಾನ್ ಓಂಗ್ ಅಂತ ಒಂದು ಓಣಿ ಐತಿ, ಬೇರು ತೊಗಟಿ ಮಾರೂ ನಾಟಿ ಔಷಧಿ ಅಂಗಡಿಗಳದ್ದು, ಅಮ್ಮಾರನ್ನ ಅಲ್ಲಿ ಕರ್ಕೊಂಡ ಹೋಗ್ರಿ, ಓಣಿಗೆ ಕಾಲಿಡೂಕಿಂತ ಮೊದಲ ವಾಸನಿ ಬರತೈತಿ, ನಮ್ಮ ಕಡೆ ಗ್ರಂಥಿಗೆ ಅಂಗಡಿ ಒಳಗ ನಿಂತಂಗ.

ನೀವಿಬ್ಬರೂ ತಿನ್ನೂದಕ್ಕ: ಮುಂಜಾನೆ ಬಾತ್ ದಾನ್ ಓಣಿ 49ನೇ ನಂಬರ್ ಫೋ, ಅಂದ್ರ ಮಾಂಸದ ಸಾರಿನ್ಯಾಗಿನ ಅಕ್ಕಿ ನೂಡಲ್ಸ್, ಪಾಳಿ ಹಚ್ಚಿ ರೊಕ್ಕಾ ಕೊಟ್ಟು ಬೌಲ್ ನೀವ ಹಿಡ್ಕೊಂಡು ಬರಬೇಕು. ಮಧ್ಯಾಹ್ನ ಹಾಂಗ್ ಮಾನ್ ಓಣಿ ಬುನ್ ಚಾ. 2016ರಾಗ ಒಬಾಮಾ ಬಂದು ತಿಂದ ಅಂಗಡಿ ಬ್ಯಾರೆ, ಅದು ಲೆ ವಾನ್ ಹೂ ಓಣಿಯೊಳಗ, ಸ್ವಲ್ಪ ದಕ್ಷಿಣಕ್ಕ, ಅವರು ಕುಂತ ಟೇಬಲ್‌ಗೆ ಗಾಜು ಹಾಕಿ ಇಟ್ಟಾರ. ಒಂದ ರಾತ್ರಿ ಚಾ ಕಾ ತಿನ್ನಲೇಬೇಕು, ಅರಿಷಿಣ ಹಚ್ಚಿದ ಮೀನನ್ನ ನಿಮ್ಮ ಟೇಬಲ್ ಮ್ಯಾಲೆ ಎಣ್ಣಿಯೊಳಗ ಹುರಕೋತ ಮ್ಯಾಲೆ ಒಂದು ರಾಶಿ ಸೊಪ್ಪು ಹಾಕ್ತಾರ, ಆ ಸೊಪ್ಪು ಏನ್ ಗೊತ್ತೇನ್ರಿ, ನಮ್ಮ ಸಬ್ಬಸಿಗಿ! ನಾ ಮೊದಲ ಸಲ ಅದರ ವಾಸನಿ ತಗೊಂಡಾಗ ಅವ್ವನ ಅಡಗಿಮನಿ ನೆನಪಾಗಿ ಸುಮ್ಮನ ಕುಂತ್ಬಿಟ್ಟೆ. ಆ ಅಡಗಿಯಿಂದಲೇ ಒಂದು ಓಣಿಗೆ ಚಾ ಕಾ ಅಂತ ಹೆಸರು ಬಂದೈತಿ.

ಅಮ್ಮಾರ ಊಟದ ವಿಷಯ ನನಗಿಂತ ಸಸ್ಯಾಹಾರಿಗಳು ಯಾರರ ಹೇಳಿದ್ರ ಛಲೋ. ಒಂದು ಮಾತ್ರ, ಸ್ಟೂಲ್ ಭಾಳ ತಗ್ಗು ಇರತಾವ, ಮಂಡಿ ನೋವಿದ್ದವರಿಗೆ ಕುಂತು ಏಳೂದು ತ್ರಾಸ, ಕೇಳಿದ್ರ ಒಳಗಿಂದ ಎತ್ತರದ ಕುರ್ಚಿ ತಂದು ಕೊಡತಾರ, ಹಿರಿಯರನ್ನ ಕಂಡ್ರ ಇಲ್ಲಿ ಭಾಳ ಗೌರವ.

ತುಳಸಿಕಟ್ಟೆ

ನಾನು ನಮ್ಮ ಅತ್ತೆ ಮಾವನ್ನ ಕರ್ಕೊಂಡು ಹೋಗಿದ್ದೆ, ಮೂರೂ ಜನ ಸಸ್ಯಾಹಾರಿಗಳು, ಹಾಗಾಗಿ ಇದು ನಾನು ಹೇಳ್ಬೇಕಾದ ವಿಷ್ಯ.

ಒಂದು ಪದ ಕಲ್ತ್ಕೊಳ್ಳಿ ಸಾಕು, ಚಾಯ್. ಟೀ ಅಲ್ಲ, ಅಲ್ಲಿ ಚಾಯ್ ಅಂದ್ರೆ ಸಸ್ಯಾಹಾರ, ಬೌದ್ಧ ಪದ್ಧತಿ ಪ್ರಕಾರ ಮಾಂಸ ಮೀನು ಬಿಟ್ಟು ಮಾಡೋ ಅಡುಗೆ. ತೋಯ್ ಆನ್ ಚಾಯ್ ಅಂದ್ರೆ ನಾನು ಸಸ್ಯಾಹಾರಿ. ಉಚ್ಚಾರಣೆ ಸ್ವಲ್ಪ ಹೆಚ್ಚು ಕಮ್ಮಿ ಆದ್ರೂ ಅರ್ಥ ಆಗಲ್ಲ ಅವರಿಗೆ, ಅದಕ್ಕೆ ಫೋನಲ್ಲಿ ಅವರ ಭಾಷೇಲಿ ದೊಡ್ಡ ಅಕ್ಷರದಲ್ಲಿ ಬರೆದಿಟ್ಕೊಳ್ಳಿ: ಮಾಂಸ ಬೇಡ, ಮೀನು ಬೇಡ, ಮೊಟ್ಟೆ ಬೇಡ, ಮೀನಿನ ಸಾಸ್ ಬೇಡ. ಈ ಕೊನೇದೇ ಮುಖ್ಯ. ನೂಕ್ ಮಾಮ್ ಅಂತ ಮೀನು ಉಪ್ಪು ಹಾಕಿ ಕೊಳೆಸಿ ತೆಗೆಯೋ ರಸ, ನಮಗೆ ಉಪ್ಪು ಹೆಂಗೋ ಅವರಿಗೆ ಅದು ಹಂಗೆ, ಬರೀ ಸೊಪ್ಪಿನ ಪಲ್ಯಕ್ಕೂ ಎರಡು ಚಮಚ ಹಾಕಿರ್ತಾರೆ, ಮತ್ತೆ ಅದನ್ನ ಮಾಂಸಾಹಾರ ಅಂತ ಅವರು ಅಂದ್ಕೊಂಡೇ ಇರಲ್ಲ. ನಮಗೆ ಒಂದು ಹೋಟೆಲ್‌ನಲ್ಲಿ ವೆಜಿಟಬಲ್ ನೂಡಲ್ಸ್ ಅಂತಲೇ ಕೊಟ್ರು, ತರಕಾರಿ ಬಿಟ್ರೆ ಕಣ್ಣಿಗೆ ಏನೂ ಕಾಣ್ತಿರಲಿಲ್ಲ, ಮಾವ ಎರಡು ತುತ್ತು ತಿಂದು ತಟ್ಟೆ ಸರಿಸಿಬಿಟ್ರು, ಸಾರು ಮೂಳೆ ಬೇಯಿಸಿದ ನೀರು. ಅವತ್ತು ಪೂರ್ತಿ ಅವರು ಏನೂ ತಿನ್ನಲಿಲ್ಲ, ನನಗೆ ಇವತ್ತಿಗೂ ಅದು ಮನಸ್ಸಲ್ಲಿ ಉಳಿದಿದೆ. ಹಂಗಾಗಿ ಮೆನುನಲ್ಲಿ ವೆಜಿಟಬಲ್ ಅಂತ ಇಂಗ್ಲಿಷಲ್ಲಿ ಬರೆದಿದ್ರೆ ನಂಬಬೇಡಿ, ಬೋರ್ಡ್ ಮೇಲೆ ಚಾಯ್ ಅಂತ ಇದೆಯಾ ನೋಡಿ.

ನಿಮ್ಮ ಡೇಟ್ ನೋಡಿದ್ರೆ ಇನ್ನೊಂದು ಒಳ್ಳೇದು ಕಾಣ್ತಿದೆ. ಅಲ್ಲಿ ಚಾಂದ್ರಮಾನ ತಿಂಗಳ ಮೊದಲನೇ ದಿನ ಮತ್ತೆ ಹದಿನೈದನೇ ದಿನ ತುಂಬಾ ಜನ ಮಾಂಸ ಬಿಟ್ಟು ಚಾಯ್ ಊಟ ಮಾಡ್ತಾರೆ, ಹದಿನೈದನ್ನ ರಾಮ್ ಅಂತಾರೆ, ಅಂದ್ರೆ ನಮ್ಮ ಹುಣ್ಣಿಮೆ, ಒಂದೊಂದ್ಸಲ ನಮ್ಮ ಪಂಚಾಂಗಕ್ಕಿಂತ ಒಂದು ದಿನ ಆಚೀಚೆ. ಅವತ್ತು ದಿನಾ ಮಾಂಸ ಮಾರೋ ಅಂಗಡೀಲೂ ಕೆಲವು ಕಡೆ ಚಾಯ್ ಅಂತ ಕೈಬರಹದ ಬೋರ್ಡ್ ಹಾಕಿರ್ತಾರೆ. ನಮ್ಮಲ್ಲಿ ಏಕಾದಶಿ, ಸೋಮವಾರ ಅಂತ ಇಲ್ವಾ, ಅದೇ ಭಾವನೆ. ಕ್ಯಾಲೆಂಡರ್ ನೋಡ್ಕೊಂಡು ಆ ದಿನ ಹೊಂದಿಸ್ಕೊಳ್ಳಿ.

ನಮಗೆ ತುಂಬಾ ಹಿಡಿಸಿದ್ದು ಉ ದಾಮ್ ಚಾಯ್ ಅನ್ನೋ ರೆಸ್ಟೋರೆಂಟ್, ಹೋನ್ ಕಿಯೆಮ್ ಕೆರೆಯಿಂದ ಸ್ವಲ್ಪ ದಕ್ಷಿಣಕ್ಕೆ, ಬೆಲೆ ಜಾಸ್ತಿನೇ, ಆದ್ರೆ ಕೂರೋಕೆ ಒಳ್ಳೆ ಜಾಗ, ಅಣಬೆ, ತಾವರೆ ಬೀಜ, ತೋಫು ಇಟ್ಕೊಂಡು ಏನೇನೆಲ್ಲ ಮಾಡ್ತಾರೆ. ಆ ಹೆಸರು ಉದುಂಬರ ಅನ್ನೋ ಸಂಸ್ಕೃತ ಪದದಿಂದ ಬಂದಿದ್ದಂತೆ, ನಮ್ಮ ಅತ್ತಿ ಮರ, ಗೊತ್ತಾದ್ಮೇಲೆ ನಮ್ಮತ್ತೆ ದತ್ತಾತ್ರೇಯನ ಮರದ ಹೋಟ್ಲು ಅಂತಲೇ ಕರೆಯೋರು.

ರಸ್ತೆ ತಿಂಡೀಲಿ ಬಾನ್ ಕೂವೋನ್ ನೋಡಿ, ಕುದಿಯೋ ಪಾತ್ರೆ ಬಾಯಿಗೆ ಬಟ್ಟೆ ಕಟ್ಟಿ ಅದರ ಮೇಲೆ ಅಕ್ಕಿ ಹಿಟ್ಟು ತೆಳ್ಳಗೆ ಸವರಿ ಹಬೇಲಿ ಬೇಯಿಸಿ ಬಿದಿರು ಕಡ್ಡೀಲಿ ಎತ್ತುತ್ತಾರೆ, ನೀರುದೋಸೆ ಅಕ್ಕ ತಂಗಿ ಥರ. ಒಳಗೆ ಹಂದಿ ಮಾಂಸ ತುಂಬೋದು ರೂಢಿ, ಖಾಲಿ ಕೊಡಿ ಅಂತ ಕೈ ಸನ್ನೆ ಮಾಡಿದ್ರೆ ಕೊಡ್ತಾರೆ, ನೆಂಚ್ಕೊಳ್ಳೋಕೆ ಮೀನಿನ ಸಾಸ್ ಬದ್ಲು ಸೋಯಾ ಸಾಸ್ ಕೇಳಿ. ಆದ್ರೆ ಕೈ, ಪಾತ್ರೆ ಎಲ್ಲ ಒಂದೇ, ಅಮ್ಮ ಅದಕ್ಕೆ ಒಪ್ತಾರಾ ಅನ್ನೋದು ಮೊದ್ಲೇ ಕೇಳ್ಕೊಳ್ಳಿ, ನಮ್ಮತ್ತೆ ಒಪ್ಪಲಿಲ್ಲ, ಬಲವಂತ ಮಾಡ್ಲಿಲ್ಲ. ಸೋಯ್ ಕೊಳ್ಳುವಾಗಲೂ ಹುಷಾರು, ಹೆಸರುಬೇಳೆ ಹಾಕಿದ ಅನ್ನ ನೋಡೋಕೆ ನಮ್ಮ ಹುಗ್ಗಿ ಥರಾನೇ, ಮೇಲೆ ಕೊಬ್ಬು ಸುರೀತಾರೆ. ಧೈರ್ಯವಾಗಿ ತಿನ್ನಬಹುದಾದ್ದು ತಾವೊ ಫೋ, ಮೆತ್ತಗಿನ ಸೋಯಾ ಗಿಣ್ಣಿಗೆ ಮಲ್ಲಿಗೆ ಘಮದ ಸಕ್ಕರೆ ಪಾಕ. ಆಮೇಲೆ ಚೆ, ಕಾಳು ಮತ್ತು ತೆಂಗಿನ ಹಾಲಿನ ಪಾಯಸ, ಹಾಂಗ್ ಕಾನ್ ರಸ್ತೇಲಿ ಹಳೇ ಅಂಗಡಿ ಇದೆ.

ಪ್ರಯಾಣಿಕ_ದಾವಣಗೆರೆ

ನನ್ನ ಅನುಭವದಲ್ಲಿ ರೆಡಿ ಟು ಈಟ್ ಪ್ಯಾಕೆಟ್ಟು, ಚಪಾತಿ, ಚಟ್ನಿಪುಡಿ ತಗೊಂಡು ಹೋಗೋದೇ ಸೇಫ್. ವಯಸ್ಸಾದವರಿಗೆ ಹೊಟ್ಟೆ ಕೆಟ್ರೆ ಪೂರ್ತಿ ಟ್ರಿಪ್ ಹಾಳು. ಟ್ರೇನ್ ಸ್ಟ್ರೀಟ್ ಕೆಫೆ ಮಾತ್ರ ಮಿಸ್ ಮಾಡ್ಬೇಡಿ, ಟೇಬಲ್ ಪಕ್ಕದಲ್ಲೇ ಟ್ರೇನ್ ಹೋಗತ್ತೆ, ಸೂಪರ್.

ಹುಬ್ಬಳ್ಳಿ_ಟು_ಹನೋಯ್

ಅಣ್ಣಾರ, ಚಟ್ನಿಪುಡಿ ಒಪ್ಪಿದೆ, ನಾನೂ ಊರಿಂದ ಶೇಂಗಾ ಚಟ್ನಿ ತರಸ್ಕೋತೀನಿ. ಟ್ರೇನ್ ಸ್ಟ್ರೀಟ್ ಮಾತ್ರ ನಾ ಒಪ್ಪಂಗಿಲ್ಲ. 2019ರಾಗ ಒಮ್ಮೆ, 2022ರಾಗ ಮತ್ತೊಮ್ಮೆ ಸರಕಾರದವರು ಅಪಾಯ ಐತಿ ಅಂತ ಅಲ್ಲಿ ಕೆಫೆ ಬಂದ್ ಮಾಡಿಸಿದ್ರು, ಆಮೇಲೂ ತೆರಿಯೂದು ಮುಚ್ಚೂದು ನಡದೈತಿ. ಗಾಡಿ ಬಂದಾಗ ಗಡಬಡಿಸಿ ಎದ್ದು ಗ್ವಾಡಿಗೆ ಆತ್ಕೋಬೇಕು, ಮಂಡಿ ನೋವಿರೂ ಹಿರಿಯರನ್ನ ಅಲ್ಲಿ ಕುಂಡ್ರಸಬ್ಯಾಡ್ರಿ. ಅದರ ಬದ್ಲಿ ಶುಕ್ರವಾರ ಸಂಜಿಯಿಂದ ಭಾನುವಾರ ರಾತ್ರಿತನಕ ಕೆರಿ ಸುತ್ತಲಿನ ರಸ್ತೆ ಗಾಡಿಗಳಿಗೆ ಬಂದ್ ಇರತಾವ, ಆಗ ಅಮ್ಮಾರ ಜೊತಿ ಆರಾಮ ನಡದಾಡ್ರಿ. ಬಾಕಿ ದಿನ ರಸ್ತೆ ದಾಟೂವಾಗ ಓಡಬ್ಯಾಡ್ರಿ, ಹಿಂದಕ್ಕ ಸರೀಬ್ಯಾಡ್ರಿ, ಒಂದ ಸಮ ನಿಧಾನ ನಡೀರಿ, ಸ್ಕೂಟರ್‌ನವರ ನಿಮ್ಮನ್ನ ಸುತ್ತಿ ಹೋಗ್ತಾರ.

ರೊಕ್ಕದ್ದೂ ಹೇಳಿಬಿಡ್ತೀನಿ, ಒಂದು ಲಕ್ಷ ಡಾಂಗ್ ಅಂದ್ರ ಸುಮಾರು 300ರಿಂದ 350 ರೂಪಾಯಿ. 20 ಸಾವಿರದ್ದು, 5 ಲಕ್ಷದ್ದು ಎರಡೂ ನೀಲಿ ನೋಟು, ರಾತ್ರಿ ಬೆಳಕಿನ್ಯಾಗ ಭಾಳ ಜನ ಅದಲು ಬದಲು ಮಾಡ್ಕೋತಾರ, ಬ್ಯಾರೆ ಬ್ಯಾರೆ ಕಿಸೇದಾಗ ಇಟ್ಕೋರಿ.

ರೋಬಸ್ಟಾ_ತೋಟ

ಕಾಫಿ ಬಗ್ಗೆ ಯಾರೂ ಬರೆದಿಲ್ಲ ಅಂತ ನಾನು ಬರೀತಿದೀನಿ. ನಮ್ದು ಸಕಲೇಶಪುರದ ಹತ್ರ ತೋಟ, ಜಾಸ್ತಿ ರೋಬಸ್ಟಾ. ನಮ್ಮಂಥೋರಿಗೆ ವಿಯೆಟ್ನಾಂ ಅಂದ್ರೆ ದಿನಾ ಬೆಳಗ್ಗೆ ನೋಡೋ ರೇಟು. ಪ್ರಪಂಚದಲ್ಲಿ ಬ್ರೆಜಿಲ್ ಬಿಟ್ರೆ ಕಾಫಿ ಬೆಳೆಯೋದ್ರಲ್ಲಿ ಎರಡನೇದು ಅವರು, ಅದ್ರಲ್ಲಿ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ರೋಬಸ್ಟಾ. 2024ರಲ್ಲಿ ಅಲ್ಲಿ ಬರ ಬಿದ್ದು ಬೆಳೆ ಕಮ್ಮಿ ಅಂತ ಸುದ್ದಿ ಬಂದಾಗ ಇಲ್ಲಿ ನಮ್ಮ ರೇಟು ಅಪ್ಪನ ಕಾಲದಿಂದ ಕಾಣದಷ್ಟು ಮೇಲೆ ಹೋಯ್ತು. ಅಷ್ಟು ವರ್ಷ ಅವರ ಬೆಳೆ ಲೆಕ್ಕ ಹಾಕಿದೋನು ಅವರ ಕಾಫಿ ಕುಡೀದೆ ಹೆಂಗಿರೋದು ಅಂತ ಹೋದ ವರ್ಷ ಹೋಗ್ ಬಂದೆ.

ಅಮ್ಮಂಗೆ ಅದು ಖಂಡಿತ ಹಿಡಿಸತ್ತೆ, ಯಾಕಂದ್ರೆ ನಮ್ಮ ಫಿಲ್ಟರ್ ಕಾಫಿಗೂ ಅದಕ್ಕೂ ಬುಡ ಒಂದೇ, ಗಟ್ಟಿ ಡಿಕಾಕ್ಷನ್ನು ಹಾಲು. ಫಿನ್ ಅಂತ ಸಣ್ಣ ತಗಡಿನ ಫಿಲ್ಟರ್ ಲೋಟದ ಮೇಲೇ ಕೂರಿಸಿ ಕೊಡ್ತಾರೆ, ತೊಟ್ಟು ತೊಟ್ಟಾಗಿ ಇಳಿಯೋವರೆಗೂ ಕಾಯ್ಬೇಕು. ಹಿಂದೆ ಅಲ್ಲಿ ತಾಜಾ ಹಾಲು ಸಿಗೋದು ಕಷ್ಟ, ಅದಕ್ಕೆ ಡಬ್ಬಿಯ ಗಟ್ಟಿ ಸಿಹಿ ಹಾಲು, ಅದೇ ರುಚಿ ಉಳ್ಕೊಂಡ್ ಬಂತು. ಹನೋಯ್‌ನಲ್ಲಿ ಹಾಲಿನ ಕಾಫಿಗೆ ನೌ ಅಂತಾರೆ, ಕಂದು ಬಣ್ಣ ಅಂತ ಅರ್ಥ, ಬಿಸಿ ಬೇಕಂದ್ರೆ ನೌ ನೋಂಗ್, ಐಸ್ ಹಾಕಿದ್ದು ನೌ ದಾ. ನಮ್ಮವರಿಗೆ ಸಿಹಿ ಜಾಸ್ತಿ ಆಗತ್ತೆ, ಹಾಲು ಕಮ್ಮಿ ಹಾಕಿ ಅಂತ ತೋರಿಸಿ. ಬೀಜ ತುಂಬಾ ಕಪ್ಪಗೆ ಹುರೀತಾರೆ, ಕೆಲವರು ಹುರಿಯುವಾಗ ಬೆಣ್ಣೆ ಸೇರಿಸ್ತಾರೆ, ಚಿಕೋರಿ ನಾಲಿಗೆ ಇರೋರಿಗೆ ಮೊದಲ ಗುಟುಕಿಗೆ ಏನೋ ಬೇರೆ ಅನ್ಸತ್ತೆ, ಎರಡನೇ ಕಪ್ಪಿಗೆ ಹೊಂದ್ಕೊಳ್ಳತ್ತೆ.

ನೀವಿಬ್ರು ಮೊಟ್ಟೆ ಕಾಫಿ ಕುಡೀರಿ. 1946ರಲ್ಲಿ ಮೆಟ್ರೊಪೋಲ್ ಹೋಟೆಲ್‌ನಲ್ಲಿ ಕೆಲಸ ಮಾಡ್ತಿದ್ದ ನ್ಗುಯೆನ್ ವಾನ್ ಗಿಯಾಂಗ್ ಅನ್ನೋರು ಹಾಲು ಸಿಗದೆ ಇದ್ದಾಗ ಮೊಟ್ಟೆ ಹಳದಿ ಕಡೆದು ನೊರೆ ಮಾಡಿ ಕಾಫಿಗೆ ಹಾಕಿದ್ರಂತೆ. ಅವರ ಮನೆಯವರ ಅಂಗಡಿ ಕಾಫೆ ಗಿಯಾಂಗ್ ಈಗ ನ್ಗುಯೆನ್ ಹೂ ಹುವಾನ್ ರಸ್ತೆ 39ರಲ್ಲಿದೆ, ರಸ್ತೆಯಿಂದ ನೋಡಿದ್ರೆ ಒಂದು ಕಿರಿದಾದ ಸಂದಿ ಅಷ್ಟೇ, ಒಳಗೆ ಹೋದ್ರೆ ದೊಡ್ಡ ಜಾಗ, ಕಪ್ಪನ್ನ ಬಿಸಿನೀರಿನ ಬಟ್ಟಲಲ್ಲಿ ಇಟ್ಟು ಕೊಡ್ತಾರೆ. ನಂಗೆ ಅದಕ್ಕಿಂತ ಅದೇ ರಸ್ತೆ 60ನೇ ನಂಬರ್ ಕಾಫೆ ಲಾಮ್ ಇಷ್ಟ ಆಯ್ತು, ಕಾಸಿಲ್ಲದ ಕಲಾವಿದರು ಕಾಫಿಗೆ ಬದಲು ಕೊಟ್ಟ ಚಿತ್ರಗಳು ಗೋಡೆ ತುಂಬಾ, ವಯಸ್ಸಾದವರು ಪೇಪರ್ ಓದ್ತಾ ಕೂತಿರ್ತಾರೆ, ಯಾರೂ ಎದ್ದೇಳಿ ಅನ್ನಲ್ಲ. ಅಮ್ಮನ್ನ ಅಲ್ಲಿ ಕೂರಿಸಿ. ಹಾಂಗ್ ಗಾಯ್‌ನಲ್ಲಿ ರೇಷ್ಮೆ ಅಂಗಡಿ ಒಳಗಿಂದ ಮೆಟ್ಲು ಹತ್ತಿ ಹೋಗೋ ಕಾಫೆ ಫೋ ಕೋದಿಂದ ಕೆರೆ ಚೆನ್ನಾಗಿ ಕಾಣತ್ತೆ, ಆದ್ರೆ ಮೆಟ್ಲು ಕಡಿದು, ಮಂಡಿ ನೋಡ್ಕೊಳ್ಳಿ.

ಜಯನಗರ_4ನೇ_ಬ್ಲಾಕ್

ಹೋಗ್ ಬಂದ್ವಿ. ಮೊದಲು ನಿಮಗೆಲ್ಲ ನಮಸ್ಕಾರ, ಬರೆದಿದ್ದನ್ನ ಪ್ರಿಂಟ್ ತೆಗೆದು ಅಮ್ಮನ ಬ್ಯಾಗಲ್ಲೇ ಇಟ್ಟಿದ್ದೆ.

ಹುಬ್ಬಳ್ಳಿ ಸರ್ ಹೇಳಿದ ಹಾಗೆ ಮೂರೇ ರಸ್ತೆ ಆರಿಸ್ಕೊಂಡ್ವಿ. ಎರಡನೇ ದಿನ ಬೆಳಗ್ಗೆ ಐದೂವರೆಗೇ ಅಮ್ಮ ಎದ್ದು ಕೂತಿದ್ರು, ಕೆಳಗಿಳಿದ್ರೆ ಸೈಕಲ್ ಮೇಲೆ ಹೂವು ಮಾರೋರು ಸಾಲು ಸಾಲು, ಅವತ್ತೇ ಅವರ ಹುಣ್ಣಿಮೆ, ಒಬ್ಬ ಅಜ್ಜಿ ಬುಟ್ಟೀಲಿ ಸೇವಂತಿಗೆ ಜೊತೆ ವೀಳ್ಯದೆಲೆ, ಹಸಿ ಅಡಿಕೆ ಇಟ್ಕೊಂಡು ಕೂತಿದ್ರು. ಅವರೂ ಪೂಜೆಗೆ ಎಲೆ ಅಡಿಕೆ ಇಡ್ತಾರೆ ಅಂತ ನಮಗೆ ಯಾರಿಗೂ ಗೊತ್ತಿರಲಿಲ್ಲ. ಅಮ್ಮ ಅಲ್ಲೇ ನಿಂತ್ಬಿಟ್ರು, ಭಾಷೆ ಒಂದಕ್ಷರ ಬರಲ್ಲ, ಇಬ್ಬರೂ ಎಲೆ ತೋರಿಸ್ಕೊಂಡು ಕೈ ಸನ್ನೇಲೇ ಕಾಲು ಗಂಟೆ ಮಾತಾಡಿದ್ರು, ಕೊನೆಗೆ ಆ ಅಜ್ಜಿ ದುಡ್ಡು ಬೇಡ ಅಂತ ಎರಡು ಎಲೆ ಒಂದು ಅಡಿಕೆ ಅಮ್ಮನ ಕೈಗಿಟ್ರು. ಅಪ್ಪ ದಿನಾ ಊಟ ಆದ್ಮೇಲೆ ಎಲೆ ಹಾಕೋರು. ಅಮ್ಮ ಅದನ್ನ ತಿನ್ನಲಿಲ್ಲ, ಪರ್ಸಲ್ಲಿ ಇಟ್ಕೊಂಡ್ರು.

ಅವತ್ತು ಮಧ್ಯಾಹ್ನ ಹೋಟೆಲ್ ಹಿಂದಿನ ಸಂದೀಲಿ ಕೈಬರಹದ ಚಾಯ್ ಬೋರ್ಡ್ ಸಿಕ್ತು, ಅನ್ನ, ಬಸಳೆ ಸಾರಿನ ಥರದ್ದು ಒಂದು, ಟೊಮೇಟೊ ಹಾಕಿದ ತೋಫು, ಅಮ್ಮ ಎರಡು ಸಲ ಅನ್ನ ಹಾಕಿಸ್ಕೊಂಡ್ರು. ಬಾನ್ ಕೂವೋನ್ ಬೇಡ ಅಂದ್ರು, ಆದ್ರೆ ಮಾಡೋದನ್ನ ನಿಂತು ಪೂರ್ತಿ ನೋಡಿದ್ರು. ಲಾನ್ ಓಂಗ್‌ನಲ್ಲಿ ಚಕ್ಕೆ, ಒಣಶುಂಠಿ ಗುರುತು ಹಿಡಿದು ಹೆಸರು ಹೇಳ್ತಾ ಹೋದ್ರು. ಹಾಂಗ್ ದುವೊಂಗ್‌ನಲ್ಲಿ ಓ ಮಾಯ್ ಅಂತ ಉಪ್ಪು ಶುಂಠಿ ಹಾಕಿ ಒಣಗಿಸಿದ ಹುಳಿ ಹಣ್ಣು ಎರಡು ಕೆಜಿ ತಗೊಂಡ್ವಿ, ನೆಂಟರಿಗೆಲ್ಲ ಹಂಚಿ ಆಯ್ತು. ಯಾರೂ ಹೇಳದೆ ಸಿಕ್ಕಿದ್ದು ಕೋಮ್, ಎಳೇ ಅಂಟುಭತ್ತ ಹುರಿದು ಕುಟ್ಟಿ ಮಾಡಿದ ಹಸಿರು ಅವಲಕ್ಕಿ, ತಾವರೆ ಎಲೇಲಿ ಸುತ್ತಿ ಕೊಡ್ತಾರೆ, ಸೀಸನ್ ಮುಗಿಯೋ ಹೊತ್ತಿಗೆ ಸ್ವಲ್ಪ ಸಿಕ್ತು.

ಕಾಫಿ ಲಾಮ್‌ನಲ್ಲಿ ದಿನಾ ಬೆಳಗ್ಗೆ. ಮೂರನೇ ದಿನ ಅಂಗಡಿಯವರು ನಮ್ಮನ್ನ ನೋಡಿದ ತಕ್ಷಣ ಎತ್ತರದ ಕುರ್ಚಿ ತಂದಿಟ್ರು. ಒಂದು ಫಿನ್ ತಂದಿದೀವಿ, ಆದ್ರೆ ಇಲ್ಲಿ ನಮ್ಮ ಅಂಗಡಿ ಕಾಫಿಪುಡಿ ಹಾಕಿದ್ರೆ ಇಳೀತಾನೇ ಇಲ್ಲ, ಕಾಲು ಗಂಟೆ ಆದ್ರೂ ಅರ್ಧ ಲೋಟ ಆಗಲ್ಲ. ರೋಬಸ್ಟಾ ತೋಟದ ಸರ್, ಏನ್ ತಪ್ಪು ಮಾಡ್ತಿದೀವಿ?

ರೋಬಸ್ಟಾ_ತೋಟ

ಎಲೆ ಅಡಿಕೆ ವಿಷ್ಯ ಓದಿ ಮನಸ್ಸು ತುಂಬಿ ಬಂತು ಸರ್, ಅಮ್ಮಂಗೆ ನನ್ನ ನಮಸ್ಕಾರ ಹೇಳಿ.

ಪುಡಿ ತುಂಬಾ ನುಣ್ಣಗಾಗಿದೆ, ಜೊತೆಗೆ ಚಿಕೋರಿ ನೀರು ಕುಡಿದು ಅಂಟಂಟಾಗಿ ತೂತು ಮುಚ್ಚತ್ತೆ. ಅಂಗಡೀಲಿ ಚಿಕೋರಿ ಇಲ್ದೆ ಇರೋದು, ಸ್ವಲ್ಪ ತರಿತರಿಯಾಗಿ ಬೀಸಿಸ್ಕೊಳ್ಳಿ, ಸಣ್ಣ ರವೆ ಹದಕ್ಕೆ. ನಾಲ್ಕು ಚಮಚ ಹಾಕಿ, ಮೇಲಿನ ಬಿಲ್ಲೆ ಒತ್ತಬೇಡಿ, ಸುಮ್ನೆ ಇಡಿ. ಮೊದಲು ಎರಡು ಚಮಚ ಬಿಸಿನೀರು ಹಾಕಿ ಅರ್ಧ ನಿಮಿಷ ಬಿಡಿ, ಪುಡಿ ಉಬ್ಬಿದ ಮೇಲೆ ತುಂಬಾ ನೀರು ಹಾಕಿ ಮುಚ್ಚಿ. ನಾಲ್ಕೈದು ನಿಮಿಷಕ್ಕೆ ಇಳೀಬೇಕು. ಇಳಿದಿದ್ದಕ್ಕೆ ಡಬ್ಬಿ ಹಾಲು ಬೇಡ ಅಂದ್ರೆ ನಮ್ಮ ಬಿಸಿ ಹಾಲನ್ನೇ ಹಾಕಿ, ಅಮ್ಮಂಗೆ ಅದೇ ಹಿಡಿಸತ್ತೆ ಅನ್ಸತ್ತೆ.